ಹೊಟ್ಟೆ ಒಳಗೆಳೆದುಕೊಂಡು ಕೊಟ್ಟ ಅಳತೆ

ಬಸ್ ನಿಲ್ದಾಣದ ಹಿಂದಿನ ಓಣಿಯ ಟೈಲರನನ್ನು ಎಲ್ಲರೂ ಕರೆಯುವುದು ಅರ್ಧಿಂಚಣ್ಣ ಎಂದು. ಮನುಷ್ಯ ಎಂದಿದ್ದರೂ ಊದುವ ಪ್ರಾಣಿ ಎಂದು ಅವನು ಪ್ರತಿ ಹೊಲಿಗೆಯ ಒಳಗೂ ಅರ್ಧ ಇಂಚು ಬಟ್ಟೆ ಹೆಚ್ಚಿಗೆ ಬಿಡುತ್ತಾನೆ. ಅಂಗಡಿಗೆ ಕಾನೂನೂ ಒಂದಿದೆ. ಕತ್ತರಿ ತಪ್ಪಿದರೆ ನಷ್ಟ ಅವನದು. ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಂಡಿದ್ದರೆ ಗಿರಾಕಿಯದು.

ಇಂಥ ಲೆಕ್ಕಾಚಾರದ ಆಸಾಮಿ ಮಗಳ ವಿಷಯದಲ್ಲಿ ಟೇಪನ್ನೇ ಮರೆತ. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ, ಇವಳಂತೂ ಅರಳು ಹುರಿದಂತೆ ಮಾತಾಡುತ್ತಾಳೆ ಎಂದು ಬ್ಯಾಂಕ್ ಸಾಲ ಮಾಡಿ ಲಾ ಓದಿಸಿದ. ಕರಿ ಕೋಟನ್ನು ತಾನೇ ಹೊಲಿದುಕೊಟ್ಟ. ಕೋರ್ಟಿನಲ್ಲಿ ನಿಂತರೆ ಹುಡುಗಿಯ ಬಾಯಿಗೆ ಬೀಗ. ಒಂದು ವರ್ಷ ಒದ್ದಾಡಿ, ಕೋಟನ್ನು ಅಂಗಡಿಯ ಮೊಳೆಗೆ ನೇತುಹಾಕಿ ಅಪ್ಪನ ಕತ್ತರಿ ಹಿಡಿದಳು. ಆಗ ಕೈಯೂ ಓಡಿತು, ಬಾಯಿಯೂ ಓಡಿತು.

ಅಷ್ಟರಲ್ಲಿ ಸಾಲದ ಕಂತು ಶುರುವಾಯಿತು. ಮಗಳು ಕೂರುತ್ತಿದ್ದ ಮೋಟರ್ ಮೆಷಿನ್ ಮಾರುತ್ತೇನೆಂದು ಅರ್ಧಿಂಚಣ್ಣ ಹೊರಟ.

"ಅದನ್ನ ಮಾರಿದ್ರೆ ನಾನೇನು ನೊಣ ಹೊಡೀಲಾ? ಓದಿದ್ದು ನಾನು, ಸಾಲ ನಂದು!" ಮಗಳು ಕೆರಳಿದಳು.

"ಓದಿಸಿದ್ದು ನಾನು ಕಣೇ. ಕತ್ತರಿ ತಪ್ಪಿದ್ದು ನಂದು."

ಪ್ಯಾಂಟಿಗೆ ಅಳತೆ ಕೊಡುತ್ತಿದ್ದ ನಿವೃತ್ತ ಹೆಡ್‌ಮಾಸ್ಟರು ನಡುವೆ ಬಾಯಿ ಹಾಕಿದರು. "ಓದಿದೋರು ದೇಶದ ಆಸ್ತಿ ಕಣಯ್ಯ. ಸರ್ಕಾರ ಕಟ್ಟಲಿ."

"ಸರ್ಕಾರ ನನ್ನ ಹತ್ರ ಬಂದು ಇವಳನ್ನ ಲಾಯರ್ ಮಾಡು ಅಂತ ಹೇಳಿತ್ತಾ ಸಾರ್? ನೀವು ಮೊದ್ಲು ಉಸಿರು ಬಿಡಿ."

ಹೆಡ್‌ಮಾಸ್ಟರು ಉಸಿರು ಬಿಟ್ಟರು. ಟೇಪು ಎರಡಿಂಚು ಮುಂದಕ್ಕೆ ಹೋಯಿತು. ಮಗಳು ಅದನ್ನು ನೋಡಿದವಳೇ ಎದ್ದು ನಿಂತಳು.

"ಸಾರ್, ನೀವೇ ಜಡ್ಜು. ಚಿಕ್ಕೋಳಿದ್ದಾಗಿಂದ ನಂಗೆ ಈ ಕಟಿಂಗ್ ಟೇಬಲ್ ಮೇಲೇ ಕಣ್ಣು. ಲಾ ಓದ್ತೀಯಾ ಅಂತ ಅಪ್ಪ ಕೇಳ್ದಾಗ, ಅವರ ಮುಖ ಎಷ್ಟು ಅರಳಿತ್ತು ಅಂದ್ರೆ, ನಂಗೂ ಅದೇ ಇಷ್ಟ ಅಂದ್ಬಿಟ್ಟೆ. ಹೊಟ್ಟೆ ಒಳಗೆಳ್ಕೊಂಡು ಅಳತೆ ಕೊಟ್ಟೋಳು ನಾನು. ಅಂಗಡಿ ಕಾನೂನು ಪ್ರಕಾರ ನಷ್ಟ ಗಿರಾಕೀದು!"

ಅರ್ಧಿಂಚಣ್ಣ ಟೇಪನ್ನು ಕೊರಳಿಗೆ ಹಾಕಿಕೊಂಡ. "ಉಸಿರು ಹಿಡಿದಿದ್ದಾರಾ ಅಂತ ನೋಡೋದು ಟೈಲರ್ ಕೆಲಸ ಅಲ್ವೇನೇ. ನಾನು ನೋಡ್ಲೇ ಇಲ್ಲ."

"ಹಾಗಾದ್ರೆ ಇಬ್ರೂ ಅರ್ಧರ್ಧ ಕಟ್ಟಿ," ತೀರ್ಪು ಬಂತು. "ಮೆಷಿನ್ ಮುಟ್ಟಬೇಡಿ, ಅದೇ ದುಡೀಲಿ. ಆದ್ರೂ ಎಂಥಾ ವಾದ ಮಾಡಿದ್ಯಮ್ಮಾ! ಇನ್ನೊಂದ್ಸಲ ಕೋರ್ಟಿಗೆ ಹೋಗಿ ನೋಡಬಾರ್ದಾ?"

ಅರ್ಧಿಂಚಣ್ಣನ ಮುಖ ಮತ್ತೆ ಅರಳಿತು, ಥೇಟ್ ಅಂದಿನ ಹಾಗೆಯೇ. ಅವನಿಗೇ ಅದು ಗೊತ್ತಾಗಿ ನಾಚಿಕೆಯಾಯಿತು. ಮಗಳ ಕಡೆ ಬೆನ್ನು ಮಾಡಿ ನಿಂತ.

"ನನ್ನ ಮುಖ ನೋಡ್ಬೇಡ ಮಗಳೇ. ಉಸಿರು ಬಿಟ್ಟು ಹೇಳು. ಕೋರ್ಟಾ, ಕತ್ತರೀನಾ?"

"ಕತ್ತರಿ, ಅಪ್ಪಾ."

ಅವನು ಕರಿ ಕೋಟನ್ನು ಮೊಳೆಯಿಂದ ಇಳಿಸಿ ಮಡಿಸಿಟ್ಟ. ಕೊರಳಲ್ಲಿದ್ದ ಟೇಪು ತೆಗೆದು ಅವಳ ಕೊರಳಿಗೆ ಹಾಕಿದ.