ನೀಲಮ್ಮ ಅಕ್ಕೋರು ಓದಿದ ಸಾಲು

ಇಂಥ ಕತೆಗಳನ್ನು ಬೇರೆಯವರು ಹೇಳಿದರೆ ನಾನು ನಕ್ಕುಬಿಡುತ್ತಿದ್ದೆ. ರಾಯಚೂರಿನ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದವನು ನಾನು. ಕಣ್ಣೆಂದರೆ ಬೆಳಕು ಮತ್ತು ನರ, ಅಷ್ಟೇ ಎಂದು ನಂಬಿದ್ದೆ. ಎಂಬತ್ತರ ದಶಕದ ಮೊದಲಲ್ಲಿ, ಮಾನ್ವಿಯ ಒಂದು ಪಡಸಾಲೆಯಲ್ಲಿ, ಹಾಡಹಗಲೇ ಆ ನಂಬಿಕೆ ಅಲುಗಾಡಿತು.

ನೀಲಮ್ಮ ಅಲ್ಲಿನ ಶಾಲೆಯಲ್ಲಿ ಕಲಿಸುತ್ತಿದ್ದವರು, ಓಣಿಗೆಲ್ಲ ಅಕ್ಕೋರು. ಅವರ ಎರಡೂ ಕಣ್ಣುಗಳಲ್ಲಿ ನಟ್ಟನಡುವಿನ ನೋಟ ಹೋಗಿ, ಅಂಚಿನದಷ್ಟೇ ಉಳಿದಿತ್ತು. ಎದುರಿಗೆ ಬಂದವರ ಸೀರೆಯ ಅಂಚು ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಅದಕ್ಕೆ ಔಷಧವಿರಲಿಲ್ಲ. ಆದರೆ ಅಕ್ಷರವನ್ನು ನೇರವಾಗಿ ನೋಡದೆ, ಸಾಲಿಗಿಂತ ತುಸು ಮೇಲೆ ದೃಷ್ಟಿ ನಿಲ್ಲಿಸಿದರೆ, ಕಣ್ಣಂಚಿನ ನೋಟದಿಂದ ದಪ್ಪ ಅಕ್ಷರ ಓದಬಹುದು. ಅದನ್ನು ಕಲಿಸಲು ಭಾನುವಾರ ಬಸ್ಸಿನಲ್ಲಿ ಹೋಗುತ್ತಿದ್ದೆ.

ದೇವದುರ್ಗಕ್ಕೆ ಕೊಟ್ಟಿದ್ದ ಮಗಳು ಸರೋಜಾಳ ಪತ್ರಗಳನ್ನು ನೆರೆಯವರು ಓದಿ ಹೇಳುತ್ತಿದ್ದರು. "ನನ್ನ ಮಗಳ ಮಾತು ಮಂದಿ ಬಾಯಾಗ ಕೇಳಿ ಸಾಕಾಗ್ಯದ ತಮ್ಮಾ, ಅಷ್ಟು ಓದೂವಂಗ ಮಾಡು" ಎಂದಿದ್ದರು ಅಕ್ಕೋರು. ಎರಡು ತಿಂಗಳು ತಲೆನೋವು, ಕಣ್ಣೀರು. ಆದರೂ ಬಿಡಲಿಲ್ಲ.

ಆ ದಿನ ಸರೋಜಾ ದೊಡ್ಡ ಅಕ್ಷರದಲ್ಲಿ ಬರೆದ ಪತ್ರ ಬಂದಿತ್ತು. ಅಕ್ಕೋರು ಒಂದೊಂದೇ ಪದ ಹಿಡಿದು ಓದತೊಡಗಿದರು. ನಾನು ಹೆಗಲ ಮೇಲಿಂದ ನೋಡುತ್ತಿದ್ದೆ. ನಡುವೆ ಅವರ ದನಿ ಸರಾಗವಾಯಿತು. "ಯವ್ವಾ, ನನ್ನ ಕಣ್ಣಾಗೂ ನಡುವ ಮಸುಕು ಬರಾಕತ್ತದ. ನಿನ್ನಿ ಸೂಜಿಗೆ ದಾರ ಹಾಕಾಕ ಮಗಳನ್ನ ಕರದೆ."

ಕಾಗದದಲ್ಲಿ ಹಾಗಿರಲೇ ಇಲ್ಲ! ಹಬ್ಬಕ್ಕೆ ಬರುತ್ತೇವೆ, ಶೇಂಗಾ ಹೋಳಿಗೆ ಮಾಡಿಡು ಎಂದಿತ್ತು.

"ಅಕ್ಕೋರ, ಇಲ್ಲಿ ಹಂಗಿಲ್ರೀ."

"ಅದ ತಮ್ಮಾ, ಈಗ ಓದಿದೆನಲ್ಲ."

ಮತ್ತೆ ಓದಿಸಿದೆ. ಈ ಸಲ ಹೋಳಿಗೆಯ ಸಾಲೇ ಬಂತು. ಅಕ್ಕೋರು ಕಾಗದ ಮಡಚಿದರು. "ಮದಲ ಬ್ಯಾರೆ ಇತ್ತು. ನಡಿ, ದೇವದುರ್ಗಕ್ಕ ಹೋಗೂಣು" ಎಂದು ಎದ್ದೇಬಿಟ್ಟರು. ಒಬ್ಬರನ್ನೇ ಕಳಿಸಲು ಮನಸ್ಸಾಗದೆ ನಾನೂ ಹೊರಟೆ.

ಸರೋಜಾಳ ಮನೆಯ ಬಾಗಿಲಲ್ಲೇ ಅವರು ಮಗಳ ಗಲ್ಲ ಹಿಡಿದು ಕೇಳಿದರು: "ನಿನ್ನ ಕಣ್ಣು ಹೆಂಗದಾವ?"

ಸರೋಜಾ ಅಳತೊಡಗಿದಳು. ಮೊದಲು ಬೇರೊಂದು ಪತ್ರ ಬರೆದಿದ್ದಳಂತೆ. "ನಿನಗ ಸಂಕಟ ಆಗ್ತದಂತ ಹರದು ಒಲಿಗೆ ಹಾಕಿದೆ ಯವ್ವಾ. ಆಮ್ಯಾಲ ಇದನ್ನ ಬರದೆ."

ಅದರಲ್ಲಿ ಏನಿತ್ತು ಎಂದು ನಾನೇ ಕೇಳಿದೆ.

"ನಡುವ ಮಸುಕು ಬರಾಕತ್ತದ ಅಂತ. ಸೂಜಿಗೆ ದಾರ ಹಾಕಾಕ ಮಗಳನ್ನ ಕರದೆ ಅಂತ."

ಸೂಜಿಯ ಮಾತನ್ನು ನಾವಿಬ್ಬರೂ ಆ ಮನೆಯಲ್ಲಿ ಎತ್ತಿರಲಿಲ್ಲ. ಅಕ್ಕೋರು ಮಗಳನ್ನು ಅಪ್ಪಿಕೊಂಡು ಹೊಸ್ತಿಲ ಮೇಲೇ ಕೂತುಬಿಟ್ಟರು.

ಈ ರೋಗ ಕೆಲವು ಮನೆತನಗಳಲ್ಲಿ ಇಳಿದು ಬರುತ್ತದೆ, ತಾಯಿಯ ಅಂಜಿಕೆಯೇ ಬಾಯಿಗೆ ಬಂದಿರಬೇಕು ಎಂದರು ನಮ್ಮ ಡಾಕ್ಟರು. ಇರಬಹುದು. ಆದರೆ ಸೂಜಿ? ದಾರ? ಮಗಳನ್ನು ಕರೆದದ್ದು?

ಮುಂದೆ ಸರೋಜಾಳಿಗೂ ಕಣ್ಣಂಚಿನಿಂದ ಓದುವುದನ್ನು ಕಲಿಸಿದೆವು. ಹೆಚ್ಚಿನದನ್ನು ತಾಯಿಯೇ ಕಲಿಸಿದರು. ಒಮ್ಮೆ ಧೈರ್ಯ ಮಾಡಿ ಅಕ್ಕೋರನ್ನು ಕೇಳಿದೆ. "ಕಾಗದದ ಮ್ಯಾಲಿತ್ತು, ಓದಿದೆ" ಎಂದಷ್ಟೇ ಹೇಳಿದರು.

ಅದೇ ಕಾಗದವನ್ನು ಅದೇ ಗಳಿಗೆಯಲ್ಲಿ ನಾನೂ ನೋಡುತ್ತಿದ್ದೆ. ನನ್ನ ಕಣ್ಣುಗಳಲ್ಲಿ ಯಾವ ದೋಷವೂ ಇರಲಿಲ್ಲ.