ಕನ್ನಡ ಮಾತಾಡಿದ ದೆವ್ವ

೧೯೬೪ರಲ್ಲಿ ನಾನು ತಮಿಳುನಾಡಿನ ಬೋಡಿನಾಯಕನೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದೆ. ಆ ವರ್ಷದ ವಾರ್ಷಿಕೋತ್ಸವಕ್ಕೆ ನಮ್ಮ ತಮಿಳು ಟೀಚರ್ ಒಂದು ಹಾಸ್ಯ ನಾಟಕ ಬರೆದರು. ವರ್ಗವಾಗಿ ಬಂದ ಗುಮಾಸ್ತನೊಬ್ಬ ದೆವ್ವಗಳಿರುವ ಮನೆಯನ್ನು ಬಾಡಿಗೆಗೆ ಹಿಡಿದು, ಅಲ್ಲಿನ ಹೆಣ್ಣು ದೆವ್ವವನ್ನೇ ಮದುವೆಯಾಗುವ ಕಥೆ. ಮದುವೆಯಾದ ಮೇಲೆ ಅದು ಸೊಂಟ ಬಗ್ಗಿಸಿ ಮನೆ ಗುಡಿಸುತ್ತದೆ, ಅವನ ಅಂಗಿ ಒಗೆಯುತ್ತದೆ.

"ಹಾರೋಕೆ ಬರೋ ದೆವ್ವ ಯಾಕೆ ಟೀಚರ್ ಕಸ ಗುಡಿಸಬೇಕು?" ಎಂದು ಕೇಳಿದೆ.

"ಹೆಂಡತಿ ಅಲ್ವೇನೇ?" ಎಂದರು. ಅಷ್ಟೇ ಉತ್ತರ.

ನನಗೆ ಸಿಕ್ಕಿದ್ದು ಆ ದೆವ್ವದ ತಾಯಿಯ ಪಾತ್ರ. ಅದಕ್ಕೆ ಟೀಚರ್ ಒಂದು ಸಾಲನ್ನೂ ಬರೆದಿರಲಿಲ್ಲ. "ನೀನು ನಿಮ್ಮ ಮನೆಯಲ್ಲಿ ಮಾತಾಡೋ ಹಾಗೆ ಮಾತಾಡು, ಸಾಕು. ಯಾರಿಗೂ ಅರ್ಥವಾಗೋದಿಲ್ಲ, ಜನ ಬಿದ್ದು ಬಿದ್ದು ನಗ್ತಾರೆ" ಎಂದರು. ನಮ್ಮ ಮನೆಮಾತು ಕನ್ನಡ. ಎಷ್ಟು ತಲೆಮಾರಿನಿಂದ ಆ ಸೀಮೆಯಲ್ಲಿದ್ದೆವೋ ನಮಗೇ ಗೊತ್ತಿಲ್ಲ. ಮೈಯೆಲ್ಲ ಉರಿಯಿತು. ಆದರೆ ವೇದಿಕೆ ಹತ್ತುವ ಆಸೆ, ಒಪ್ಪಿಕೊಂಡೆ. ಅಭ್ಯಾಸದ ದಿನಗಳಲ್ಲಿ ನಾನು ಬಾಯಿ ತೆರೆದರೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ನಮ್ಮವರೇ ಆದ ಇಬ್ಬರು ಹುಡುಗಿಯರು. ತಮ್ಮ ಮನೆಯಲ್ಲೂ ಅದೇ ಮಾತು ಎಂದು ಯಾರಿಗೂ ತಿಳಿಯಬಾರದಲ್ಲ!

ಮನೆಯಲ್ಲಿ ಇದ್ಯಾವುದನ್ನೂ ಹೇಳಲಿಲ್ಲ. ನಾಟಕವಿದೆ ಎಂದಷ್ಟೇ ಹೇಳಿದ್ದೆ. ಅಪ್ಪನ ತಾಯಿಯನ್ನು ನಾವೆಲ್ಲ ಅವ್ವ ಎಂದೇ ಕರೆಯುತ್ತಿದ್ದೆವು, 'ನೀನು' ಎಂದೇ ಮಾತಾಡಿಸುತ್ತಿದ್ದೆವು. ಏಲಕ್ಕಿ ಮಂಡಿಯಲ್ಲಿ ಕಾಯಿ ಆರಿಸುವ ಕೆಲಸ ಅವಳದು. ಅವತ್ತು ಮಧ್ಯಾಹ್ನ ರಜೆ ಹಾಕಿ, ಒಗೆದ ಸೀರೆಯುಟ್ಟು ಬಂದು ಮುಂದಿನ ಚಾಪೆಯಲ್ಲೇ ಕೂತುಬಿಟ್ಟಳು.

ಮುಖಕ್ಕೆ ಮಸಿ ಬಳಿದುಕೊಂಡು, ಕೂದಲು ಕೆದರಿಕೊಂಡು ವೇದಿಕೆಗೆ ಬಂದೆ. ಮಗಳ ಪಾತ್ರದ ಹುಡುಗಿಯ ಕೈ ಹಿಡಿದು, "ಉಂಡ್ಯಾ ಮಗಾ? ಅಂಗೈ ಯಾಕೆ ಹಿಂಗೆ ಒಡೆದೈತೆ? ಅವನು ನಿನ್ನ ಚೆಂದಾಗಿ ನೋಡ್ಕೊತಾನಾ?" ಎಂದೆ. ಬಾಯಿಗೆ ಬಂದದ್ದೇ ಅದು. ಸಭೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಅವ್ವ ಎದ್ದು ನಿಂತಳು. ಜನರತ್ತ ತಿರುಗಿ ತಮಿಳಿನಲ್ಲಿ, "ಯಾಕ್ರಪ್ಪ ನಗ್ತೀರಿ? ಊಟ ಮಾಡಿದ್ಯಾ ಅಂತ ತಾಯಿ ಮಗಳನ್ನ ಕೇಳ್ತಾ ಇದಾಳೆ. ಇದರಲ್ಲಿ ನಗೋದಕ್ಕೆ ಏನಿದೆ?" ಎಂದಳು. ಮೊದಲಿಗಿಂತ ದೊಡ್ಡ ನಗು ಎದ್ದಿತು.

ಪರದೆಯ ಮರೆಯಿಂದ ಟೀಚರ್, "ಆ ಮುದುಕೀನ ಕೂರಿಸೇ!" ಎಂದು ನನಗೆ ಪಿಸುಗುಟ್ಟಿದರು. ಅವ್ವ ನನ್ನನ್ನೇ ನೋಡುತ್ತಿದ್ದಳು. ನಾನು ಅಪ್ಪಟ ತಮಿಳಿನಲ್ಲಿ, ಯಾರೋ ಗುರುತಿಲ್ಲದವರಿಗೆ ಹೇಳುವ ಹಾಗೆ, "ಅಜ್ಜೀ, ನೀವು ಕೂತ್ಕೊಳ್ಳಿ" ಎಂದೆ. ಅವಳು ಕೂತಳು.

ನಾಟಕ ಮುಗಿದ ಮೇಲೆ ಟೀಚರ್ ಓಡಿಬಂದು ಬೆನ್ನು ತಟ್ಟಿದರು. "ಆ ಮುದುಕಿ ಎದ್ದು ನಿಂತದ್ದು ಬಹಳ ಚೆನ್ನಾಗಿತ್ತು! ಮೊದಲೇ ಹೇಳಿಕೊಟ್ಟಿದ್ಯಾ?" ನಾನು ಹೌದು ಎಂದೂ ಅನ್ನಲಿಲ್ಲ, ಅವಳು ನನ್ನ ಅವ್ವ ಎಂದೂ ಅನ್ನಲಿಲ್ಲ.

ದಾರಿಯಲ್ಲಿ ಅವ್ವ ಬೈಯಲೇ ಇಲ್ಲ. ತನ್ನ ಸೆರಗಿನಿಂದ ನನ್ನ ಮುಖದ ಮಸಿ ಒರೆಸುತ್ತಾ, "ಆ ಮಗಳಾಗಿದ್ದ ಹುಡುಗಿ ಒಂದು ಜವಾಬೂ ಕೊಡಲಿಲ್ವಲ್ಲ ಕಣ್ಣೂ. ಪಾಪ, ಮಾತು ಮರ್ತೋಯ್ತೇನೋ" ಎಂದಳಷ್ಟೇ.

ಮದುವೆಯಾಗಿ ಮೈಸೂರಿಗೆ ಬಂದ ಮೇಲೆ ಕನ್ನಡ ಓದು ಬರಹ ಕಲಿತೆ. ಟೀಚರ್ ಮೇಲೆ ನನಗಿದ್ದ ಕೋಪ ಇಷ್ಟು ವರ್ಷವಾದರೂ ಇಳಿದಿಲ್ಲ, ಇಳಿಸಿಕೊಳ್ಳುವ ಮನಸ್ಸೂ ಇಲ್ಲ. ಆದರೆ ಅವ್ವನಿಗೆ 'ನೀವು' ಎಂದವಳು ನಾನು. ಅದನ್ನು ಟೀಚರ್ ಬರೆದುಕೊಟ್ಟಿರಲಿಲ್ಲ.