ಅಂಟುವಾಳದ ಬೀಜಕ್ಕೆ ಎಂಟು ದಿನದ ಪೂಜೆ

ಮೊನ್ನೆ ತಿಪಟೂರಿನಿಂದ ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕ ಮುದುಕರೊಬ್ಬರು ಕೂತರು. ಅವರ ಶಲ್ಯದಿಂದ ವಿಭೂತಿ, ನಶ್ಯ ಎರಡೂ ಬೆರೆತ ವಾಸನೆ ಬಂತು. ಅದೇನು ಸುವಾಸನೆಯಲ್ಲ, ಮೂಗಿಗೆ ಹತ್ತಿದರೆ ಸೀನು ಬರುತ್ತದೆ. ನನಗೆ ಮಾತ್ರ ತಲೆ ಮೇಲಿನ ಹೊರೆ ಇಳಿಸಿದಷ್ಟು ಹಗುರವಾಯಿತು. ಎಷ್ಟು ವರ್ಷವಾಯಿತೋ... ಎಪ್ಪತ್ತರ ದಶಕದಲ್ಲಿ ನಮ್ಮ ಹೈಸ್ಕೂಲಿನಲ್ಲಿದ್ದ ಅಯ್ಯನವರ ಮೈಯಿಂದ ಇದೇ ವಾಸನೆ ಬರುತ್ತಿತ್ತು.

ಅವರು ಮೇಷ್ಟ್ರಲ್ಲ. ಮಕ್ಕಳಿಗೆ ದೇವರು ದಿಂಡರು ಗೊತ್ತಿರಲಿ ಎಂದು ಶಾಲೆ ನಡೆಸುವವರು ಒಬ್ಬ ಜಂಗಮರನ್ನು ಕರೆತಂದು ಪ್ರಾರ್ಥನೆ ಹಾಲಿನ ಪಕ್ಕದ ಕೋಣೆಯಲ್ಲಿ ಇರಿಸಿದ್ದರು. ಬೆಳಿಗ್ಗೆ ಪ್ರಾರ್ಥನೆ ಹೇಳಿಸುವುದು, ಸೋಮವಾರ ಸಾಲಾಗಿ ಬರುವ ಮಕ್ಕಳ ಹಣೆಗೆ ವಿಭೂತಿ ಹಚ್ಚುವುದು ಅವರ ಕೆಲಸ. ವಿಭೂತಿ ಬೇಡವೆಂದವರ ತಲೆ ಸವರಿ ಕಳಿಸುತ್ತಿದ್ದರು. ಒಂದು ಪೀರಿಯಡ್ಡೂ ಇಲ್ಲದ ಪುಣ್ಯವಂತರು ಎಂದು ಹೆಡ್‌ಮಾಸ್ಟರು ಅವರನ್ನು ಚುಡಾಯಿಸುತ್ತಿದ್ದರು. ಆದರೆ ಯಾವ ಮಗುವಿನ ಮನೆಯಲ್ಲಿ ಸಾವಾದರೂ ಮೊದಲು ಹೊರಡುತ್ತಿದ್ದವರು ಇವರೇ. ಪರೀಕ್ಷೆಯಲ್ಲಿ ಡುಮ್ಕಿ ಹೊಡೆದವರನ್ನು ತಾವೇ ಮನೆಗೆ ಬಿಡಲು ಹೋಗುತ್ತಿದ್ದರು. ಅಪ್ಪನ ಮೊದಲ ಬೈಗುಳ ತಮ್ಮ ಮೇಲೇ ಬೀಳಲಿ ಎಂದು ಒಂದು ಹೆಜ್ಜೆ ಮುಂದೆ ನಡೆಯುತ್ತಿದ್ದರು.

ನಾನಾಗ ಒಂಬತ್ತನೇ ಕ್ಲಾಸು. ಬಿಳಿಗೆರೆಯ ಹತ್ತಿರದ ನಮ್ಮ ಹಳ್ಳಿಯಿಂದ ನಡೆದೇ ಬರುತ್ತಿದ್ದೆ. ನಮ್ಮದು ಲಿಂಗ ಕಟ್ಟುವ ಮನೆ. ಬೆಳ್ಳಿಯ ಪುಟ್ಟ ಕರಡಿಗೆಯೊಳಗೆ ಇಷ್ಟಲಿಂಗ ಇಟ್ಟು ಕೊರಳಿಗೆ ಹಾಕಿಕೊಳ್ಳಬೇಕು. ಬೆಳಿಗ್ಗೆ ಮಿಂದು, ಅದನ್ನು ಎಡಗೈಯಲ್ಲಿಟ್ಟು ಪೂಜೆ ಮಾಡದೆ ಬಾಯಿಗೆ ಏನೂ ಹಾಕುವಂತಿಲ್ಲ. ಅಜ್ಜಿಯ ಕಟ್ಟುನಿಟ್ಟು ಅಂದರೆ ಅಂತಿಂಥದ್ದಲ್ಲ. "ಲಿಂಗ ಹೋದ್ರೆ ಪ್ರಾಣ ಹೋದಂಗೆ ಕಣೇ, ಆಮ್ಯಾಲೆ ಬದುಕಿರಬಾರ್ದು" ಎಂದು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದಳು.

ಒಂದು ರಜೆಯ ದಿನ ಅಪ್ಪ ನನ್ನನ್ನು ಅಟ್ಟ ಹತ್ತಿಸಿದರು. ನಮ್ಮ ಕಡೆ ತೆಂಗಿನಕಾಯಿಯನ್ನು ಹತ್ತಿರ ಹತ್ತಿರ ಒಂದು ವರ್ಷ ಅಟ್ಟದ ಮೇಲೆ ಹಾಗೇ ಬಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಆ ಸದ್ದು ಬಂತೋ ಇಲ್ಲವೋ ನೋಡಲು ಕಾಯಿರಾಶಿಯ ಮೇಲೆ ಬೋರಲು ಮಲಗಿ ಒಂದೊಂದನ್ನೇ ಅಲ್ಲಾಡಿಸಿದೆ. ಮಾರನೆಯ ದಿನ ಪೂಜೆಗೆಂದು ಕರಡಿಗೆ ತೆಗೆದರೆ ಒಳಗೆ ಲಿಂಗವೇ ಇಲ್ಲ! ಮುಚ್ಚಳ ಸಡಿಲವಾಗಿದ್ದು ನನಗೆ ಗೊತ್ತಿತ್ತು, ಸರಿಮಾಡಿಸಿ ಎಂದು ಅಪ್ಪನಿಗೆ ಹೇಳಲು ಸೋಮಾರಿತನ. ಯಾರೂ ಇಲ್ಲದಾಗ ಅಟ್ಟ ಹತ್ತಿ ಹುಡುಕಿದೆ. ಸಾವಿರಾರು ಕಾಯಿಗಳ ಸಂದಿಯಲ್ಲಿ ಎಲ್ಲಿ ಸಿಕ್ಕೀತು?

ಅಜ್ಜಿಯ ಕಣ್ಣಿಗೆ ಪೊರೆ ಬಂದಿತ್ತು. ನಾನು ಮಾಡಿದ ಘನಂದಾರಿ ಕೆಲಸ ಕೇಳಿ. ಬಚ್ಚಲಲ್ಲಿ ಬಟ್ಟೆ ಒಗೆಯಲು ಇಟ್ಟಿದ್ದ ಅಂಟುವಾಳದ ಕಾಯಿ ಒಡೆದು, ಲಿಂಗದ ಹಾಗೇ ದುಂಡಗೆ ಕಾಣುವ ಅದರ ಕರಿ ಬೀಜವನ್ನು ಕರಡಿಗೆಯಲ್ಲಿಟ್ಟೆ. ಅಜ್ಜಿಯ ಪಕ್ಕದಲ್ಲೇ ಕೂತು ಎಂಟು ದಿನ ಅದಕ್ಕೇ ವಿಭೂತಿ ಹಚ್ಚಿದೆ, ಪತ್ರೆ ಏರಿಸಿದೆ. ಪೂಜೆಯಲ್ಲಿ ಮೋಸ ಮಾಡಿದೆ, ಊಟದಲ್ಲಿ ಮಾಡಲಾಗಲಿಲ್ಲ. ಲಿಂಗವಿಲ್ಲದ ಮೈಗೆ ಅನ್ನ ಹೇಗೆ ಹಾಕುವುದು? ತಟ್ಟೆಯ ಮುದ್ದೆಯನ್ನು ಕದ್ದು ಕರುವಿಗೆ ಹಾಕುತ್ತಿದ್ದೆ. ತಡೆಯಲಾಗದಾಗ ಒಂದು ಲೋಟ ಮಜ್ಜಿಗೆ ಕುಡಿದು, ಕುಡಿದೆನಲ್ಲ ಎಂದು ಅಳುತ್ತಿದ್ದೆ. ಹೇಗೂ ಸಾಯಲೇಬೇಕು, ವಿಷಯ ಅಜ್ಜಿಗೆ ತಿಳಿಯುವುದರೊಳಗೆ ಸತ್ತರೆ ಒಳ್ಳೆಯದು ಎಂದು ಆ ವಯಸ್ಸಿಗೆ ತೀರ್ಮಾನಿಸಿಬಿಟ್ಟಿದ್ದೆ.

ಎಂಟನೆಯ ದಿನ ಸೋಮವಾರ. ಸಾಲಿನಲ್ಲಿ ನನ್ನ ಸರದಿ ಬಂದು ಅಯ್ಯನವರ ಬೆರಳು ಹಣೆಯ ಹತ್ತಿರ ಬಂದಾಗ ತಲೆ ಹಿಂದಕ್ಕೆ ಎಳೆದುಕೊಂಡೆ. ಕಣ್ಣು ಕತ್ತಲೆ ಬಂದು ಅಲ್ಲೇ ಕುಸಿದೆ. ಎಚ್ಚರವಾದಾಗ ಅವರ ಕೋಣೆಯ ಮುಂದೆ ಚಾಪೆಯ ಮೇಲಿದ್ದೆ.

"ಏನ್ ಉಂಡ್ ಬಂದಿದ್ದೀಯವ್ವ?" ಎಂದು ಕೇಳಿದರು. ಅಷ್ಟೇ ಸಾಕಾಯಿತು, ಎಲ್ಲ ಹೇಳಿ ಬೀಜವನ್ನು ಅವರ ಅಂಗೈಗೆ ಹಾಕಿದೆ. ಅವರು ನಗಲಿಲ್ಲ. ಅದಕ್ಕೆ ಇವತ್ತಿಗೂ ಅವರಿಗೆ ಋಣಿ.

"ನಾನು ಸಾಯಬೇಕಾ ಬುದ್ಧಿ?" ಅಂದೆ.

"ಯಾರ್ ಹೇಳಿದ್ರು? ಕಳ್ಕೊಂಡೋರಿಗೆ ಇನ್ನೊಂದು ಕಟ್ಟಾಕೆ ಅಲ್ವಾ ನಮ್ಮಂತೋರು ಇರೋದು? ಎಲ್ರೂ ಸತ್ತೋದ್ರೆ ನನ್ನ ಹೊಟ್ಟೆಪಾಡೇನು? ಮೊದ್ಲು ಈ ಹಾಲು ಕುಡಿ. ಪಾಪ ಬಂದ್ರೆ ನನ್ನ ತಲೆ ಮ್ಯಾಲೆ ಬರ್ಲಿ."

ಹಾಲು ಕುಡಿದು ಜೀವ ಬಂದಿದ್ದೇ ತಡ, ನನ್ನ ಕಳ್ಳಬುದ್ಧಿಯೂ ಬಂತು. ಅಜ್ಜಿಗೆ ಹೇಳಬೇಡಿ, ಈಗಲೇ ಇಲ್ಲೇ ಕಟ್ಟಿಬಿಡಿ ಎಂದು ಗೋಗರೆದೆ.

"ಕಟ್ತೀನಿ. ಕದ್ದು ಕಟ್ಟಲ್ಲ. ನಿಮ್ಮಜ್ಜಿ ಮುಂದೆನೇ ಕಟ್ತೀನಿ. ಹೇಳೋಳು ನೀನು, ನಾನು ಪಕ್ಕದಾಗೆ ಕೂತಿರ್ತೀನಿ."

ಆ ಸಂಜೆ ಅವರು ಮುಂದೆ ನಡೆಯಲಿಲ್ಲ, ನನ್ನ ಜೊತೆಗೇ ನಡೆದರು. ಅಜ್ಜಿ ಅವರ ಕಾಲಿಗೆ ನೀರು ಕೊಟ್ಟು ಚಾಪೆ ಹಾಸಿದಳು. ಅವರು ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡರು. ನಾನು ತೊದಲಿದೆ, ನಡುವೆ ನಿಂತೆ, ಮತ್ತೆ ಮೊದಲಿನಿಂದ ಶುರುಮಾಡಿದೆ. ಒಂದು ಮಾತಾದರೂ ಸಹಾಯಕ್ಕೆ ಬರಬಾರದೇ ಎಂದು ಅವರ ಮೇಲೆ ಸಿಟ್ಟು ಬಂತು. ಅವರು ಸುಮ್ಮನೆ ಕೂತಿದ್ದರು. ಕಡೆಗೂ ನಾನೇ ಹೇಳಿ ಮುಗಿಸಿದೆ.

ಅಜ್ಜಿಯ ಕೈ ತನ್ನ ಕೊರಳಿನ ಕರಡಿಗೆಯ ಮೇಲೆ ಹೋಯಿತು. ಆಮೇಲೆ ತಡಕಾಡಿ ನನ್ನ ಕೆನ್ನೆ ಮುಟ್ಟಿದಳು.

"ಎಂಟ್ ದಿನದಿಂದ ಉಂಡಿಲ್ವೇನೇ ನನ್ ಕಂದ? ನನ್ ಬಾಯಿಗೆ ಬೆಂಕಿ ಹಾಕ. ಆ ಮಾತು ಆಡಿ ಆಡಿ ನಾನೇ ನಿನ್ನ ಕೊಂದ್ಬುಡ್ತಿದ್ನಲ್ಲೇ."

"ಏನೂ ಆಗಿಲ್ಲ ಬುಡಮ್ಮ, ಗಟ್ಟಿಯಾಗವ್ಳೆ. ಮುದ್ದೆಗೆ ಎಸರಿಡು" ಅಂದರು ಅಯ್ಯನವರು.

ನಾನು ಮಿಂದು ಬಂದೆ. ಅವರು ಹೊಸ ಲಿಂಗ ಕಟ್ಟಿದರು. ಎರಡು ಮುದ್ದೆ ಉಂಡೆ, ಮೂರನೆಯದಕ್ಕೆ ಅಜ್ಜಿಯೇ ಬೇಡ ಅಂದಳು. ಅವರು ಹೊರಟಾಗ ಬಾಗಿಲವರೆಗೂ ಹೋಗಿ, ಬೀಜಕ್ಕೆ ಮಾಡಿದ ಪೂಜೆ ಎಲ್ಲಿಗೆ ಹೋಯಿತು ಎಂದು ಕೇಳಿದೆ.

"ನಂಗೇನ್ ಗೊತ್ತವ್ವ. ನೀನು ಈ ಎಂಟ್ ದಿನ ಮಾಡ್ದಷ್ಟು ಭಯಭಕ್ತಿಯಿಂದ ಈ ಸೀಮೆನಾಗೆ ಯಾರೂ ಪೂಜೆ ಮಾಡಿರಾಕಿಲ್ಲ."

ಕಳೆದ ಲಿಂಗ ಕೊಬ್ಬರಿಗೆಂದು ಕಾಯಿ ಇಳಿಸಿದಾಗಲೂ ಸಿಗಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿದು ನನ್ನನ್ನು ಕಂದಿಕೆರೆಗೆ ಕೊಟ್ಟರು. ಅಯ್ಯನವರು ಹೋದ ಸುದ್ದಿ ಯಾರದೋ ಮದುವೆಯಲ್ಲಿ ಕಿವಿಗೆ ಬಿತ್ತು, ಅಷ್ಟರಲ್ಲಿ ಆರು ತಿಂಗಳಾಗಿತ್ತು. ಮಣ್ಣಿಗೆ ಹೋಗಲಾಗಲಿಲ್ಲವಲ್ಲ ಎಂಬ ಸಂಕಟ ಈಗಲೂ ಇದೆ. ಅವರ ಜಾಗಕ್ಕೆ ಶಾಲೆಯವರು ಮತ್ಯಾರನ್ನೂ ತರಲಿಲ್ಲ. ಆ ಕೋಣೆಯಲ್ಲಿ ಈಗ ಆಟದ ಸಾಮಾನು ತುಂಬಿದ್ದಾರಂತೆ.

ಆಮೇಲೆ ಬದುಕಿನಲ್ಲಿ ಅದಕ್ಕಿಂತ ಕಷ್ಟದ ಮಾತು ಹೇಳಬೇಕಾಗಿ ಬಂತು. ನನ್ನ ಗಂಡನ ಕಾಯಿಲೆ ವಾಸಿಯಾಗುವುದಿಲ್ಲ ಎಂದು ಡಾಕ್ಟರು ನನಗೊಬ್ಬಳಿಗೇ ಹೇಳಿ ಕಳಿಸಿದ್ದರು. ಅತ್ತೆಗೆ ತಿಳಿಸದೆ ನಾಲ್ಕು ದಿನ ನಾಟಕವಾಡಿದೆ. ಐದನೆಯ ದಿನ ಅವರನ್ನು ಕೂರಿಸಿಕೊಂಡು ಹೇಳಿದೆ. ಪಕ್ಕದಲ್ಲಿ ಸುಮ್ಮನೆ ಕೂರಲು ಯಾರೂ ಇರಲಿಲ್ಲ. ಹೇಳಿ ಮುಗಿಸಿ, ಅತ್ತು, ಅತ್ತೆ ಸೊಸೆ ಇಬ್ಬರೂ ಕೂತು ಉಂಡೆವು.